ಓರಗಿತ್ತಿಯ ನರಿ

ಬಾಯಲ್ಲಿ ಏನೂ ಇಲ್ಲದಿದ್ದರೂ ಕಾಪಿತಾನ್‌ನ ದವಡೆ ಕಟಕಟ ಅಗಿಯುತ್ತಿತ್ತು. ಒಲೆಗೆಂದು ಆರಿಸಿಕೊಂಡ ಸೌದೆಯನ್ನು ಎದೆಗೆ ಅವುಚಿಕೊಂಡು ಎಡೆಲ್ಮಿರಾ ಕೊಟ್ಟಿಗೆಯ ಬಾಗಿಲಲ್ಲಿ ನಾಯಿಯನ್ನೇ ನೋಡುತ್ತ ನಿಂತಳು. ಅದರ ಕಣ್ಣಿನ ಮೂಲೆಯಲ್ಲಿ ಹಳದಿ ಗೀಜು ಕಟ್ಟಿ ಒಂದು ರೆಪ್ಪೆ ಅಂಟಿಕೊಂಡಿತ್ತು. ನಿನ್ನೆ ನೆಗಡಿ ಎಂದುಕೊಂಡಿದ್ದಳು. ಮೊನ್ನೆಯೂ ಹಾಗೇ ಅಂದುಕೊಂಡಿದ್ದಳು. ಸೆಪ್ಟೆಂಬರಿನ ಈ ಥಂಡಿಗೆ, ಸಮುದ್ರದ ಕಡೆಯಿಂದ ಏಳುವ ಈ ಹಾಳು ಗಾಳಿಗೆ ಚಿಲೊಯೆ ದ್ವೀಪದಲ್ಲಿ ಯಾರಿಗೆ ತಾನೆ ನೆಗಡಿ ಇಲ್ಲ? ಆದರೆ ನೆಗಡಿಗೆ ದವಡೆ ಹೀಗೆ ಅಗಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಗೊತ್ತಿಲ್ಲ ಎನ್ನುವುದಕ್ಕೆ ಅವಳು ಹೊರಗೆ ನೋಡಿದಳು. ಕಮರಿಯ ಆಚೆ ಸುನಿಲ್ದಾಳ ಮನೆಯಿಂದ ಹೊಗೆ ಏಳುತ್ತಿತ್ತು. ಇವತ್ತು ಅಲ್ಲಿ ಹಂದಿ ಕೊಯ್ದು ಕೊಬ್ಬು ಕಾಯಿಸುವ ದಿನ. ಇಷ್ಟು ಗಾಳಿಯಲ್ಲೂ ಆ ಮನೆಯ ಹೊಗೆ ನೆಟ್ಟಗೆ ಮೇಲಕ್ಕೇ ಹೋಗುತ್ತದಲ್ಲ, ಅದಕ್ಕೂ ಬಾಗುವುದು ಗೊತ್ತಿಲ್ಲವಲ್ಲ, ಎಂದುಕೊಂಡು ಸೌದೆಯನ್ನು ಅಲ್ಲೇ ಕೆಳಗೆ ಹಾಕಿದಳು.

ಸುನಿಲ್ದಾ ಅವಳ ಓರಗಿತ್ತಿ, ಮೈದುನ ಎಲಿಸೆಯೊನ ಹೆಂಡತಿ. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಜಗಳ ತೆಗೆದು, ಮಾತು ಬಿಟ್ಟು, ಬೇಲಿಯ ಮೇಲೆ ಎರಡು ಬೈಗುಳ ಎಸೆದು ಹಗುರಾಗಬಹುದಿತ್ತು. ಸುನಿಲ್ದಾ ಏನನ್ನೂ ಕೇಳಿದವಳಲ್ಲ. ಎಲ್ಲವೂ ತಾನಾಗಿ ಅವಳ ಬಳಿ ಹೋಗುತ್ತದೆ. ಆಲೂಗಡ್ಡೆಗೆ ಅಂಗಮಾರಿ ಬಂದ ವರ್ಷ ಇಡೀ ಊರಿನ ಹೊಲ ಕಪ್ಪಾಯಿತು, ಅವಳ ಹೊಲ ಹಸಿರಾಗಿತ್ತು. ಅತ್ತೆ ಹಾಸಿಗೆ ಹಿಡಿದಾಗ ಮೈ ತೊಳೆದವಳು, ಬಟ್ಟೆ ಬದಲಿಸಿದವಳು ಎಡೆಲ್ಮಿರಾ. ಒಲೆ ಆರುತ್ತಿದೆಯೆಂದು ಸೌದೆ ತರಲು ಹೊರಗೆ ಹೋದಷ್ಟು ಹೊತ್ತಿನಲ್ಲಿ ಮುದುಕಿ ಪ್ರಾಣ ಬಿಟ್ಟಳು, ಅದೂ ಅದೇ ತಾನೆ ನೋಡಲು ಬಂದಿದ್ದ ಸುನಿಲ್ದಾಳ ಕೈ ಹಿಡಿದುಕೊಂಡು. ಕೊನೆಯ ಹೊತ್ತಿಗೆ ಕೈ ಹಿಡಿದವಳು ಸುನಿಲ್ದಾ ಎಂದು ಊರೆಲ್ಲ ಹೇಳಿತು. ಸೌದೆ ತಂದವಳ ಹೆಸರನ್ನು ಯಾರು ಹೇಳುತ್ತಾರೆ? ಆಮೇಲೆ ಈ ನರಿ. ಕಾಡಂಚಿನಿಂದ ಇಳಿದು ಬಂತು, ಕುಳ್ಳಗೆ, ಕಪ್ಪಗೆ, ಕಿವಿಯ ಮೇಲೆ ಮಾತ್ರ ಕೆಂಪು ಬಣ್ಣ ಹಚ್ಚಿದಂತೆ. ಮಾವನ ಕಾಲದಲ್ಲಾದರೆ ಕೋಳಿ ಕದಿಯುವ ಈ ಪ್ರಾಣಿಯ ಚರ್ಮ ಕೊಟ್ಟಿಗೆಯ ಗೋಡೆಯ ಮೇಲಿರುತ್ತಿತ್ತು. ಈಗ ಹಾಗಲ್ಲ. ಭೂಮಿಯ ಮೇಲೆ ಈ ಜಾತಿಯವು ಕೆಲವೇ ನೂರು ಉಳಿದಿವೆಯಂತೆ, ಹೆಚ್ಚಿನವು ಈ ದ್ವೀಪದಲ್ಲೇ ಇವೆಯಂತೆ. ಅಷ್ಟು ಅಪರೂಪದ್ದು ಕಮರಿಯ ಎರಡು ದಡಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಾಗ ಆ ದಡವನ್ನೇ ಆರಿಸಿಕೊಂಡಿತು. ಸುನಿಲ್ದಾಳ ಹಿತ್ತಿಲಲ್ಲಿ ಕೂತು ಅವಳು ಎಸೆದ ಆಲೂಗಡ್ಡೆ ರೊಟ್ಟಿಯ ಚೂರು ತಿಂದಿತು. ಫೋಟೊ ತೆಗೆದರು. ಆ ಫೋಟೊ ಪೇಟೆಯ ದೋಣಿಕಟ್ಟೆಯ ಹಲಗೆಯ ಮೇಲೆ ಬಂತು, ನರಿ ಮತ್ತು ಸುನಿಲ್ದಾಳ ಅರ್ಧ ಮುಖ.

ಆ ಮನೆಯ ಕೆಲಸಕ್ಕೆ ಕೈಜೋಡಿಸಲೆಂದು ಹೊರಟು, ಕಮರಿಗೆ ಇಳಿಯುವ ಕೆಸರು ದಾರಿಯಲ್ಲಿ ಜರಿಗಿಡಗಳನ್ನು ಹಿಡಿದುಕೊಂಡು ಇಳಿಯುತ್ತ ಅವಳಿಗೆ ಕಳೆದ ಬೇಸಿಗೆಯ ಆ ಕೋಳಿ ನೆನಪಾಯಿತು. ನಾಯಿಗಳಿಗೆ ಸೂಜಿ ಹಾಕುವವರು ಬರುತ್ತಾರೆಂದು ಗೊತ್ತಾಗಿತ್ತು. ನಾಯಿಯ ಜ್ವರ ನರಿಗೆ ಅಂಟಿದರೆ ಕಾಡಿಗೆ ಕಾಡೇ ಖಾಲಿಯಾಗುತ್ತದೆ ಎಂದು ಇಗ್ನಾಸಿಯಾ ಎಂಬ ಆ ದನದ ಡಾಕ್ಟರ್ ಹುಡುಗಿ ಇಗರ್ಜಿಯ ಮುಂದೆ ನಿಂತು ಹೇಳಿದ್ದಳು. ಬೆಳಿಗ್ಗೆಯೇ ಎದ್ದು ಎಡೆಲ್ಮಿರಾ ಮೊಟ್ಟೆಯಿಡುತ್ತಿದ್ದ ಕೋಳಿಯನ್ನೇ ಕೊಯ್ದಳು. ದೊಡ್ಡ ಬೋಗುಣಿಯಲ್ಲಿ ಸಾರು ಮಾಡಿದಳು, ಮೇಜಿಗೆ ಮದುವೆಯ ಬಟ್ಟೆ ಹಾಸಿದಳು. ಗಂಡ ಫ್ರೊಯಿಲಾನ್ ದೋಣಿಯೊಂದಿಗೆ ದಕ್ಷಿಣಕ್ಕೆ ಹೋಗಿದ್ದ. ಒಬ್ಬಳೇ ಕಿಟಕಿಯಲ್ಲಿ ಕಾದಳು. ಜೀಪು ಕಮರಿಯ ಆಚೆ ನಿಂತಿತು. ನಿಂತೇ ಇತ್ತು. ನಗು ಇಲ್ಲಿಯವರೆಗೆ ಕೇಳುತ್ತಿತ್ತು. ಕೊನೆಗೆ ಅವರು ಈ ಬಾಗಿಲಿಗೆ ಬಂದಾಗ ಒಬ್ಬಳ ಗಲ್ಲದ ಮೇಲೆ ಸುನಿಲ್ದಾ ಮಾಡುವ ಕೊತ್ತಂಬರಿ ಚಟ್ನಿಯ ಹಸಿರು ಚುಕ್ಕೆ ಇತ್ತು. "ಅಯ್ಯೋ ದೊನ್ಯಾ, ಊಟ ಆಯ್ತು, ಹೊಟ್ಟೇಲಿ ಜಾಗಾನೇ ಇಲ್ಲ. ನಾಯಿ ಎಲ್ಲಿ?" ನಾಯಿ ಎಲ್ಲಿ! ಅವಳು ಬಾಗಿಲಿಗೆ ಅಡ್ಡ ನಿಂತು, "ಪೇಟೇಲೇ ಹಾಕ್ಸಿದೀವಿ" ಎಂದಳು. ಚೀಟಿ ಕೇಳಿದರೆ ಒಲೆಗೆ ಹೋಯಿತೆಂದಳು. ಒಳಗೆ ಕಾಪಿತಾನ್ ಬಾಗಿಲು ಕೆರೆಯುತ್ತಿತ್ತು. ಅವರು ನಂಬಿದರು, ಧನ್ಯವಾದ ಹೇಳಿ ಹೋದರು. ಆ ಸಾರನ್ನು ಅವಳು, ಕಾಪಿತಾನ್ ಸೇರಿ ಮುಗಿಸಲು ಎಷ್ಟು ದಿನ ಹಿಡಿಯಿತು!

ಅಷ್ಟಕ್ಕೇ ನಿಂತಿದ್ದರೆ ಅದು ಬರೀ ಒಂದು ಸುಳ್ಳಾಗಿ ಉಳಿಯುತ್ತಿತ್ತು. ಆದರೆ ಜೂನ್‌ನಲ್ಲಿ ಅವಳ ಮನೆಯ ಹಂದಿ ಕೊಯ್ದರು. ಹಂದಿ ಕೊಯ್ದ ಮನೆ ನೆರೆಯವರಿಗೆಲ್ಲ ಯೊಕೊ ಕಳಿಸಬೇಕು: ಮಾಂಸ, ಕರಿದ ಕೊಬ್ಬು, ಆಲೂಗಡ್ಡೆ ರೊಟ್ಟಿ, ಎಲ್ಲ ತುಂಬಿದ ತಟ್ಟೆ. ಪಡೆದವರು ತಮ್ಮ ಹಂದಿ ಕೊಯ್ದ ದಿನ ಅಷ್ಟೇ ತೂಕದ್ದನ್ನು ತಿರುಗಿ ಕಳಿಸಬೇಕು. ಕಡಿಮೆಯಾದರೆ ಅದನ್ನು ಮೊಮ್ಮಕ್ಕಳವರೆಗೂ ಆಡಿಕೊಳ್ಳುತ್ತಾರೆ. ಎಡೆಲ್ಮಿರಾ ಸುನಿಲ್ದಾಳ ತಟ್ಟೆಯ ಮೇಲೆ ಎಲ್ಲಕ್ಕಿಂತ ದಪ್ಪದ ಪಕ್ಕೆಲುಬನ್ನು ಇಟ್ಟಳು. ಪ್ರೀತಿಯಿಂದಲ್ಲ, ಅವಳು ತೂಗಿ ನೋಡಲಿ ಎಂದು. ಮರುದಿನ ಈ ದಡದಿಂದ ನೋಡುತ್ತಾಳೆ, ಆ ಹಿತ್ತಿಲಲ್ಲಿ ನರಿ ಕೂತು ಆ ಪಕ್ಕೆಲುಬನ್ನು ಕಡಿಯುತ್ತಿದೆ. ಅವಳದೇ ಪಕ್ಕೆಲುಬು, ಕತ್ತಿ ಜಾರಿದ ಗುರುತಿನ ಸಮೇತ. ಪಕ್ಕದಲ್ಲಿ ಸುನಿಲ್ದಾ ಲಂಗದ ಅಂಚಿಗೆ ಕೈ ಒರೆಸಿಕೊಳ್ಳುತ್ತ ನಗುತ್ತಿದ್ದಾಳೆ. ಆ ದಿನ ಎಡೆಲ್ಮಿರಾ ಅಳಲಿಲ್ಲ. ನನ್ನ ಮಾಂಸವೇ ಬೇಕಿದ್ದರೆ ನನ್ನ ಮನೆಗೇ ಬಾ ಎಂದು ಹಲ್ಲು ಕಚ್ಚಿ, ಕೊಬ್ಬಿನ ತುಂಡುಗಳನ್ನು ಅಂಗಳದಲ್ಲಿ ಹಾಕತೊಡಗಿದಳು, ಮೊದಲು ಜರಿಗಿಡದ ಬುಡಕ್ಕೆ, ಆಮೇಲೆ ಬೇಲಿಗೆ, ಆಮೇಲೆ ಹೊಸ್ತಿಲಿಗೆ. ಮುದಿ ಕಾಪಿತಾನ್‌ಗೆ ಓಡಿಸುವ ಹುಮ್ಮಸ್ಸು ಇರಲಿಲ್ಲ, ಬಾಲ ಅಲ್ಲಾಡಿಸಿತು. ಒಂದು ಸಂಜೆ ನರಿ ನೆಟ್ಟಗೆ ಬಂದು ಕಾಪಿತಾನ್‌ನ ತಟ್ಟೆಗೇ ಬಾಯಿ ಹಾಕಿತು. ನಾಯಿ ಈ ಕಡೆಯಿಂದ, ನರಿ ಆ ಕಡೆಯಿಂದ, ಮೂಗಿಗೆ ಮೂಗು. ಹೊಸ್ತಿಲಲ್ಲಿ ಕೂತ ಎಡೆಲ್ಮಿರಾ ಉಸಿರು ಬಿಗಿಹಿಡಿದಳು. ಬಂದೆಯಾ, ಬಂದೆಯಾ ನನ್ನವ್ವ, ಎಂದು ತುಟಿಯೊಳಗೇ ಅಂದಳು. ಮದುವೆಯಾದಾಗಲೂ ಅವಳಿಗೆ ಅಷ್ಟು ಸಂತೋಷವಾಗಿರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ಫೋಟೊ ತೆಗೆಯಲು ಬರುತ್ತಾರೆ, ಬಂದವರು ಮೊದಲು ಸುನಿಲ್ದಾಳ ಮನೆಗೆ ಹೋಗುತ್ತಾರೆ.

"ಬಾ ಅಕ್ಕ, ಬಾ! ನಿನಗೇ ಕಾಯ್ತಿದ್ದೆ. ನಿನ್ನ ಕೈ ಬೀಳದೆ ಇದ್ರೆ ಈ ಹಿಟ್ಟು ಉಬ್ಬೋದೇ ಇಲ್ಲ" ಎಂದು ಸುನಿಲ್ದಾ ಬಾಗಿಲಲ್ಲೇ ಅವಳ ಕೈ ಹಿಡಿದು ಒಳಗೆ ಎಳೆದುಕೊಂಡಳು. ಬೆಂಕಿಕೋಣೆಯ ನಡುವೆ ಸರಪಳಿಗೆ ತೂಗುಬಿಟ್ಟ ಕಡಾಯಿಯಲ್ಲಿ ಕೊಬ್ಬು ಕುದಿಯುತ್ತಿತ್ತು. ಫ್ರೊಯಿಲಾನ್ ಬೆಳಿಗ್ಗೆಯೇ ಬಂದು ತಮ್ಮ ಎಲಿಸೆಯೊನ ಜೊತೆ ಮರದ ಸೌಟು ಹಿಡಿದಿದ್ದ. ಹಂದಿ ಕೊಯ್ಯಲು ಊರಿಗೆಲ್ಲ ಒಬ್ಬನೇ ಆದ ಮುದುಕ ಬೆಲಿಸಾರಿಯೊ ಸೇಬಿನ ಹೆಂಡದ ಲೋಟ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದ.

"ಏನವ್ವಾ ಎಡೆಲ್ಮಿರಾ, ಮುಖ ಹರಳೆಣ್ಣೆ ಕುಡಿದ ಹಾಗಿದೆ?" ಎಂದ ಅವನು. "ಸತ್ತಿರೋದು ಹಂದಿ ಕಣವ್ವ, ನಿನ್ನ ಗಂಡ ಇಲ್ಲೇ ಇದಾನೆ."

"ಅದೇ ಬೇಜಾರು" ಎಂದಳು ಎಡೆಲ್ಮಿರಾ. ಎಲ್ಲರೂ ನಕ್ಕರು, ಫ್ರೊಯಿಲಾನ್ ಎಲ್ಲರಿಗಿಂತ ಹೆಚ್ಚು ನಕ್ಕ. ಅವಳು ತೋಳು ಏರಿಸಿ ಹಿಟ್ಟಿಗೆ ಕೈ ಹಾಕಿದಳು. ಹಿಟ್ಟು ಬೆಚ್ಚಗಿತ್ತು. ನಿನ್ನ ಕೈ ಬೀಳದೆ ಇದ್ರೆ ಅಂತೆ. ಉಬ್ಬುವ ಹಿಟ್ಟು ಯಾರ ಕೈಯಲ್ಲೂ ಉಬ್ಬುತ್ತದೆ. ಹೊಗಳಿಕೆಯನ್ನೂ ಇವಳು ಭಿಕ್ಷೆಯ ಹಾಗೆ ಹಾಕುತ್ತಾಳೆ. ಮೇಜಿನ ಮೇಲೆ ಯೊಕೊ ತಟ್ಟೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ನೀಲಿ ಅಂಚಿನ ದೊಡ್ಡ ತಟ್ಟೆ ತನ್ನದು ಎಂದು ನೋಡಿದ ಕೂಡಲೇ ತಿಳಿಯಿತು: ಎರಡು ಪಕ್ಕೆಲುಬು. ಒಂದಕ್ಕೆ ಎರಡು! ಇದರಲ್ಲೂ ಗೆಲ್ಲಬೇಕೇ ಇವಳಿಗೆ? ಆ ಕ್ಷಣದಲ್ಲೇ ಕಿವಿಯೊಳಗೆ ಕಟಕಟ ಶಬ್ದ ಮತ್ತೆ ಕೇಳಿದಂತಾಯಿತು. ನೋಡಿದರೆ ಕುದಿಯುವ ಕಡಾಯಿಗೆ ಸರಪಳಿ ಅದುರುತ್ತಿತ್ತು. ಹೇಳಿಬಿಡಬೇಕು. ಈಗಲೇ ಸುನಿಲ್ದಾಳನ್ನು ಹಿತ್ತಿಲಿಗೆ ಕರೆದು, ನಾಯಿಗೆ ಹುಷಾರಿಲ್ಲ ಕಣೆ, ನಿನ್ನ ನರಿ, ಎಂದು. ನಿನ್ನ ನರಿ! ಆ ಎರಡು ಮಾತು ಅವಳ ಬಾಯಲ್ಲಿ ಹೊರಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಇಗ್ನಾಸಿಯಾ ಬಂದಳು, ಬೂಟಿನ ತುಂಬ ಕೆಸರು, ಮುಖದ ತುಂಬ ನಗು. ಕಾಡಂಚಿನ ಮರಕ್ಕೆ ಕಟ್ಟಿದ್ದ ಕ್ಯಾಮೆರಾದಿಂದ ತೆಗೆಸಿದ ಫೋಟೊವನ್ನು ಹಿಟ್ಟಿನ ಮೇಜಿನ ಮೇಲೇ ಇಟ್ಟಳು. ನರಿ ಪಕ್ಕಕ್ಕೆ ತಿರುಗಿ ನಿಂತಿತ್ತು. ಹೊಟ್ಟೆ ಕೆಳಗೆ ಇಳಿದಿತ್ತು.

"ಬಸುರಿ!" ಎಂದಳು. "ಹೋದ ವರ್ಷ ಒಂದು ಲಾರಿಗೆ ಸಿಕ್ಕಿ ಸತ್ತೋಯ್ತು, ಇನ್ನೊಂದನ್ನ ನಾಯಿಗಳು ಹರಿದು ಹಾಕಿದ್ವು. ಈ ಕಡೆ ಕಾಡಲ್ಲಿ ಈ ಸಲ ಮರಿ ಹಾಕೋದು ಅಂದ್ರೆ ಇದೊಂದೇ. ದೊನ್ಯಾ ಸುನಿಲ್ದಾ, ನಿಮ್ಮ ಮಗಳು ಬಸುರಿ ಕಣ್ರೀ!"

ಸುನಿಲ್ದಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣಲ್ಲಿ ನೀರು ಬಂತು, ನಿಜವಾದ ನೀರು. ಬೆಲಿಸಾರಿಯೊ ಲೋಟ ಎತ್ತಿದ. "ಬಾಣಂತನಕ್ಕೆ ತವರುಮನೆ ಇದ್ದೇ ಇದೆಯಲ್ಲ ಇಲ್ಲಿ. ಸುನಿಲ್ದಾ, ತೊಟ್ಟಿಲು ಕಟ್ಟು. ನಾಮಕರಣಕ್ಕೆ ನನ್ನ ಕರೀದೆ ಇದ್ರೆ ನೋಡು ಮತ್ತೆ."

"ಬೇರೆಲ್ಲೂ ಹೋಗಲ್ಲ ಅದು. ನಾನು ಕರೆದ್ರೆ ಮಾತ್ರ..." ಎನ್ನುತ್ತಿದ್ದಳು ಸುನಿಲ್ದಾ.

"ನಮ್ಮನೆಗೂ ಬರುತ್ತೆ."

ಮಾತು ಹೊರಬಿದ್ದ ಮೇಲೆ ಅದು ತನ್ನದೇ ದನಿ ಎಂದು ಎಡೆಲ್ಮಿರಾಳಿಗೆ ತಿಳಿಯಿತು. ಸುನಿಲ್ದಾ ನಕ್ಕಳು, ಸಿಟ್ಟಿಲ್ಲದೆ, ಮಕ್ಕಳ ಮಾತಿಗೆ ನಗುವ ಹಾಗೆ. "ನಿಮ್ಮನೆಗಾ? ಕಾಪಿತಾನ್ ಇರೋ ಮನೆಗಾ? ಹೋಗಕ್ಕ, ಅದಕ್ಕೇನು ಪ್ರಾಣದ ಮೇಲೆ ಆಸೆ ಇಲ್ವಾ?"

ಆ ನಗು! ಅತ್ತೆ ಸತ್ತ ದಿನ ಸೌದೆ ಹೊತ್ತುಕೊಂಡು ಒಳಗೆ ಬಂದವಳಿಗೆ 'ಶ್, ಹೋದರು' ಎಂದ ಅದೇ ಮೆತ್ತಗಿನ ದನಿ. "ಕಾಪಿತಾನ್ ತಟ್ಟೇಲೇ ತಿನ್ನುತ್ತೆ ಕಣೆ" ಎಂದಳು ಎಡೆಲ್ಮಿರಾ, ಹಿಟ್ಟಿನ ಕೈಯನ್ನು ಮೇಲೆತ್ತಿ. "ಮೂಗಿಗೆ ಮೂಗು ತಾಗಿಸ್ಕೊಂಡು. ದಿನಾ ಸಂಜೆ. ನಾನು ಹೊಸ್ತಿಲಲ್ಲಿ ಕೂತಿದ್ರೂ ಓಡಲ್ಲ. ಎಡಗಿವಿ ಹಿಂದೆ ಮುಳ್ಳು ತರಚಿ ಕೂದಲು ಉದುರಿದೆ, ಹೋದ ವಾರ ಆಗಿದ್ದು. ಗೊತ್ತಿತ್ತಾ ನಿನಗೆ? ಹೇಳು, ಗೊತ್ತಿತ್ತಾ?"

ಇಗ್ನಾಸಿಯಾ ಫೋಟೊವನ್ನು ಬೆಳಕಿಗೆ ಹಿಡಿದಳು. ಎಡಗಿವಿಯ ಹಿಂದೆ ಸಣ್ಣ ಬೋಳು ಗುರುತು ಇತ್ತು. ಸುನಿಲ್ದಾ ಅದನ್ನು ಬಗ್ಗಿ ನೋಡಿದಳು, ಮತ್ತೆ ನೋಡಿದಳು, ಮುಖ ಇಳಿದುಹೋಯಿತು. ಆಹಾ, ಎಷ್ಟು ಸುಖ! ಬೆಂಕಿಕೋಣೆಯ ಹೊಗೆಯೆಲ್ಲ ಒಮ್ಮೆಗೇ ತಿಳಿಯಾದಂತೆ, ಎಲ್ಲರ ಮುಖವೂ ಮೊದಲ ಬಾರಿ ತನ್ನ ಕಡೆಗೇ ತಿರುಗಿದಂತೆ ಎಡೆಲ್ಮಿರಾಳಿಗೆ ಅನಿಸಿತು. ಇಗ್ನಾಸಿಯಾ ಮಾತ್ರ ನಗುತ್ತಿರಲಿಲ್ಲ.

"ಒಂದೇ ತಟ್ಟೇಲಾ?" ಎಂದಳು. ಆಮೇಲೆ ಅವಳ ಭುಜ ಸಡಿಲವಾಯಿತು. "ಸದ್ಯ, ಕಾಪಿತಾನ್‌ಗೆ ಪೇಟೇಲಿ ಸೂಜಿ ಹಾಕ್ಸಿದೀರಲ್ಲ. ಇಲ್ದಿದ್ರೆ ನನ್ನ ಎದೆ ಒಡೆದೇ ಹೋಗ್ತಿತ್ತು. ಹಾಕ್ಸಿದೀರಿ ಅಲ್ವಾ ದೊನ್ಯಾ?"

ಹೂಂ ಎಂದರೆ ಸಾಕಿತ್ತು. ಅರ್ಧ ಉಸಿರಿನ ಮಾತು. ನಾಳೆ ಇದೇ ಹುಡುಗಿ ಕ್ಯಾಮೆರಾ ಹಿಡಿದು ತನ್ನ ಅಂಗಳಕ್ಕೆ ಬರುತ್ತಾಳೆ, ಹಲಗೆಯ ಮೇಲೆ ಇನ್ನೊಂದು ಫೋಟೊ ಬರುತ್ತದೆ. ಕಾಪಿತಾನ್ ಮುದಿಯಾಗಿ ಸತ್ತಿತೆಂದರೆ ಯಾರು ಕೇಳುತ್ತಾರೆ? ನರಿ ಕಾಡಲ್ಲೆಲ್ಲೋ ಸತ್ತರೆ ಅದು ಕಾಡಿನ ಸಾವು. ಫ್ರೊಯಿಲಾನ್ ಕಡಾಯಿಯ ಆಚೆಯಿಂದ ಅವಳನ್ನೇ ನೋಡುತ್ತಿದ್ದ. ಪೇಟೆಗೆ ಯಾವಾಗ ಹೋಗಿದ್ದು ಎಂಬ ಲೆಕ್ಕ ಅವನ ಹಣೆಯ ಮೇಲೆ ನಿಧಾನವಾಗಿ ಮೂಡುತ್ತಿತ್ತು. ಅವನು ಬಾಯಿ ಬಿಡುವ ಮೊದಲು ಹೂಂ ಎನ್ನಬೇಕು. ಅವಳು ಫೋಟೊ ನೋಡಿದಳು. ಕೆಳಗೆ ಇಳಿದ ಆ ಹೊಟ್ಟೆಯನ್ನು ನಿನ್ನೆ ಸಂಜೆ ಅವಳೂ ನೋಡಿದ್ದಳು, ಚೆನ್ನಾಗಿ ತಿಂದು ತನ್ನ ಮನೆಯ ಕೊಬ್ಬು ಹಿಡಿದಿದೆ ಎಂದು ಹೆಮ್ಮೆಪಟ್ಟಿದ್ದಳು.

"ಇಲ್ಲ" ಎಂದಳು. ಯಾರಿಗೂ ಕೇಳಿಸಲಿಲ್ಲವೇನೋ ಎಂದು ಮತ್ತೆ ಹೇಳಿದಳು. "ಹಾಕ್ಸಿಲ್ಲ. ಸುಳ್ಳು ಹೇಳ್ದೆ. ಬೆಳಿಗ್ಗೆಯಿಂದ ಅದರ ದವಡೆ ಅಗೀತಾ ಇದೆ. ಕಣ್ಣಲ್ಲಿ ಗೀಜು."

ಬೈದಿದ್ದರೆ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ. ಫ್ರೊಯಿಲಾನ್ ಸೌಟು ನಿಲ್ಲಿಸಿದ್ದ, ಕೊಬ್ಬು ತಳ ಹಿಡಿದ ವಾಸನೆ ಬಂತು. ಬೆಲಿಸಾರಿಯೊ ಲೋಟದೊಳಕ್ಕೆ ನೋಡುತ್ತ ಕೂತ. ಇಗ್ನಾಸಿಯಾ ಆಗಲೇ ಜೀಪಿನ ಬೀಗದ ಕೈ ಹುಡುಕುತ್ತಿದ್ದಳು. ಸುನಿಲ್ದಾ ಒಬ್ಬಳೇ ಹತ್ತಿರ ಬಂದಳು.

"ಯಾಕಕ್ಕ?"

"ಅವತ್ತು ಅವರು ನಿಮ್ಮನೇಲಿ ಉಂಡ್ರು." ಇಷ್ಟು ವರ್ಷ ಎದೆಯಲ್ಲಿ ಬೆಟ್ಟದಷ್ಟು ಇದ್ದದ್ದು ಬಾಯಿಗೆ ಬಂದಾಗ ಇಷ್ಟೇ ಆಯಿತು. "ನಾನು ಕೋಳಿ ಕೊಯ್ದಿದ್ದೆ."

"ಕೋಳಿಗಾ? ಒಂದು ಕೋಳಿಗಾ ಅಕ್ಕಾ?"

"ನಾನು ಕಳಿಸಿದ ಪಕ್ಕೆಲುಬನ್ನ ನೀನು ನರಿಗೆ ಹಾಕ್ದೆ."

"ಹಾಕ್ದೆ. ತಟ್ಟೇಲಿದ್ದದ್ರಲ್ಲಿ ಒಳ್ಳೇದನ್ನೇ ಹಾಕ್ದೆ" ಎಂದಳು ಸುನಿಲ್ದಾ. ಅದು ಸಿಟ್ಟಿನ ದನಿಯೋ ಅಳುವಿನದೋ ಎಡೆಲ್ಮಿರಾಳಿಗೆ ತಿಳಿಯಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವಳು ಹಿಟ್ಟಿನ ಕೈಯಲ್ಲೇ ಹೊರಟಳು.

ದವಡೆಗೆ ಇಳಿದ ಮೇಲೆ ಈ ಜ್ವರಕ್ಕೆ ಮದ್ದಿಲ್ಲ ಎಂದು ಇಗ್ನಾಸಿಯಾ ಕೊಟ್ಟಿಗೆಯ ಬಾಗಿಲಲ್ಲೇ ಹೇಳಿದಳು. ಕಾಪಿತಾನ್‌ನ ತಲೆಯನ್ನು ಎಡೆಲ್ಮಿರಾ ತೊಡೆಯ ಮೇಲೆ ಇಟ್ಟುಕೊಂಡಳು. ಬೇಸಿಗೆಯಲ್ಲಿ ಹಾಕಿಸಬೇಕಿದ್ದ ಸೂಜಿಯ ಜಾಗಕ್ಕೆ ಈಗ ಬೇರೆ ಸೂಜಿ ಬಂತು. ಅವಳ ಕೈಯ ಹಿಟ್ಟನ್ನು ನಾಯಿ ನೆಕ್ಕಿತು, ಸ್ವಲ್ಪ ಹೊತ್ತು ನೆಕ್ಕುತ್ತಲೇ ಇತ್ತು, ಆಮೇಲೆ ದವಡೆ ನಿಂತಿತು. ಫ್ರೊಯಿಲಾನ್ ಆಳದ ಗುಂಡಿ ತೋಡಿ ಸುಣ್ಣ ಹಾಕಿದ. ನಾಯಿಯ ಮರದ ತಟ್ಟೆಯನ್ನು ಸುಟ್ಟರು. ಇಗ್ನಾಸಿಯಾ ಕೈ ತೊಳೆದುಕೊಳ್ಳುತ್ತ, ಅವಳ ಮುಖ ನೋಡದೆ, ಹೇಳಬೇಕಾದ್ದನ್ನು ಹೇಳಿದಳು: ನಾಳೆಯಿಂದ ಕಾಡಂಚಲ್ಲಿ ಬೋನು ಇಡುತ್ತೇವೆ, ಹಿಡಿದು ರಕ್ತ ನೋಡುತ್ತೇವೆ, ಅಂಟಿಲ್ಲದಿದ್ದರೆ ಅದಕ್ಕೂ ಸೂಜಿ ಹಾಕುತ್ತೇವೆ. ಬೋನಿಗೆ ಬರಬೇಕಾದರೆ ಅದಕ್ಕೆ ಹಸಿವಾಗಿರಬೇಕು. ಈ ಅಂಗಳದ ಮಣ್ಣನ್ನು ಅದು ಇನ್ನು ಮೂಸಲೂ ಬಾರದು. ಅದು ಬಂದರೆ ಎರಡೂ ಮನೆಯವರು ಓಡಿಸಿ. "ಹೆದರಿಸೋದು ಅಂದ್ರೆ ಸುಮ್ನೆ ಹುಶ್ ಅನ್ನೋದಲ್ಲ ದೊನ್ಯಾ. ಮನುಷ್ಯರು ಅಂದ್ರೆ ಅದಕ್ಕೆ ಭಯ ಹುಟ್ಟಬೇಕು." ಬದುಕುತ್ತದೆಯೇ ಎಂದು ಎಡೆಲ್ಮಿರಾ ಕೇಳಿದಳು. "ನನಗೆ ಗೊತ್ತಿಲ್ಲ" ಎಂದಳು ಹುಡುಗಿ.

ಫ್ರೊಯಿಲಾನ್ ಕಮರಿಯ ಆಚೆಯಿಂದ ನೀಲಿ ಅಂಚಿನ ತಟ್ಟೆಯನ್ನು ತಂದು ಮೇಜಿನ ಮೇಲಿಟ್ಟ. ಎರಡು ಪಕ್ಕೆಲುಬೂ ಹಾಗೇ ಇದ್ದವು. ಸುನಿಲ್ದಾ ಒಂದನ್ನೂ ತೆಗೆದಿರಲಿಲ್ಲ. "ಏನಾದ್ರೂ ತಿನ್ನು" ಎಂದು ಅವನು ಮಲಗುವ ಕೋಣೆಗೆ ಹೋದ. ಅವಳು ಬಾಗಿಲು ಕಿಟಕಿ ಎಲ್ಲ ಮುಚ್ಚಿ ಹೊಸ್ತಿಲ ಹೊರಗೆ ಬಂದು ಕೂತಳು. ಆದರೂ ಬಿಸಿ ಮಾಂಸದ ವಾಸನೆ ಹಲಗೆಗಳ ಸಂದಿಯಿಂದ ಹೊರಗೆ ಹೋಗುತ್ತಲೇ ಇತ್ತು. ಇವತ್ತು ಬರಬೇಡ ಎಂದು ಬೇಡಿಕೊಂಡಳು. ಬೇಡಿಕೊಳ್ಳುತ್ತಿದ್ದಾಗಲೇ ಇನ್ನೊಂದು ಆಸೆ ಒಳಗೆ ನಾಚಿಕೆಯಿಲ್ಲದೆ ತಲೆ ಎತ್ತಿತು: ಬಂದರೆ ಮೊದಲು ಇಲ್ಲಿಗೇ ಬರಲಿ, ಅಲ್ಲಿಗೆ ಹೋಗದಿರಲಿ. ಹೊಟ್ಟೆಕಿಚ್ಚಿಗೆ ಮಣ್ಣು ಮುಚ್ಚಿದರೂ ಆರುವುದಿಲ್ಲವಲ್ಲ, ಥೂ ನಿನ್ನ, ಎಂದು ತನಗೆ ತಾನೇ ಉಗಿದುಕೊಂಡಳು.

ಬೆಳಕು ಇನ್ನೂ ಇದ್ದಾಗಲೇ ಜರಿಗಿಡ ಅಲ್ಲಾಡಿತು. ನರಿ ಹೊಟ್ಟೆಯ ಭಾರಕ್ಕೆ ನಿಧಾನವಾಗಿ ಬಂತು. ತಟ್ಟೆ ಇರುತ್ತಿದ್ದ ಜಾಗಕ್ಕೆ ಸ್ವಲ್ಪ ದೂರದಲ್ಲಿ ನಿಂತು ಮೊದಲು ಕೊಟ್ಟಿಗೆಯ ಕಡೆ ನೋಡಿತು. ಕಾಪಿತಾನ್ ಬರಲಿಲ್ಲ. ಆಮೇಲೆ ಅವಳ ಕಡೆ ನೋಡಿತು. ಅವಳು ಎದ್ದು, ಬೇಲಿಯ ಬುಡದಿಂದ ಆಲೂಗಡ್ಡೆ ಗಾತ್ರದ ಕಲ್ಲು ಆರಿಸಿ ಎಸೆದಳು. ಗುರಿ ತಪ್ಪಿತು, ಅಥವಾ ಅವಳ ಕೈಯೇ ತಪ್ಪಿಸಿತು. ನರಿ ಓಡಲಿಲ್ಲ. ಈ ಕೈಯಿಂದ ಬಿದ್ದದ್ದೆಲ್ಲ ಇಷ್ಟು ದಿನ ತಿನ್ನುವ ವಸ್ತುವೇ ಆಗಿತ್ತು. ಅದು ಕಲ್ಲಿನ ಹತ್ತಿರ ಹೋಗಿ ಮೂಸಿತು, ಒಮ್ಮೆ ನೆಕ್ಕಿತು, ತಲೆ ಎತ್ತಿ ಅವಳಿಗಾಗಿ ಕಾಯಿತು. "ಹೋಗೇ! ಹಾಳಾಗ್ ಹೋಗೇ, ಹೋಗು!" ಎಂದು ಕಿರುಚಿ ಎರಡನೆಯದನ್ನು ಎಡೆಲ್ಮಿರಾ ಬಲವಾಗಿ ಎಸೆದಳು. ಅದು ತೊಡೆಗೆ ತಗುಲಿತು. ನರಿ ಕುಂಯ್ ಎಂದು ಪಕ್ಕಕ್ಕೆ ಬಿದ್ದು, ಎದ್ದು, ಹೊಟ್ಟೆಯನ್ನು ಎಳೆದುಕೊಂಡು ಜರಿಗಿಡಕ್ಕೆ ನುಗ್ಗಿತು. ನುಗ್ಗುವ ಮೊದಲು ತಿರುಗಿ ನೋಡಿತು. ಅದರ ಕಣ್ಣು ಒಣಗಿತ್ತೋ ಒದ್ದೆಯಾಗಿತ್ತೋ ನೋಡಬೇಕಿತ್ತು, ಅವಳ ಕಣ್ಣೇ ಮಂಜಾಗಿ ಏನೂ ಕಾಣಲಿಲ್ಲ.

ಕಮರಿಯ ಆಚೆ ದಡದಲ್ಲಿ ಸುನಿಲ್ದಾ ನಿಂತಿದ್ದಳು, ಕೈಯಲ್ಲಿ ನರಿ ಬಂದರೆ ಬಡಿದು ಹೆದರಿಸಲೆಂದು ಹಿಡಿದ ಪಾತ್ರೆ. ಅವಳು ಅದನ್ನು ಬಡಿದಿರಲೇ ಇಲ್ಲ.

"ಅಕ್ಕಾ! ಬಂತಾ ಅಲ್ಲಿಗೆ?"

"ಬಂತು."

ಆಮೇಲೆ ಆ ದಡದಿಂದ, "ನನ್ನ ಹತ್ರ ಬರ್ಲಿಲ್ಲ" ಎಂಬ ಮಾತು ಬಂತು. ಆ ದನಿಯನ್ನು ಎಡೆಲ್ಮಿರಾ ಚೆನ್ನಾಗಿ ಬಲ್ಲಳು. ಅತ್ತೆಯ ಮನೆಗೆ ಕಾಲಿಟ್ಟ ದಿನದಿಂದ ತನ್ನ ಗಂಟಲಲ್ಲಿ ಕೇಳಿಕೊಂಡು ಬಂದ ದನಿ ಅದು. ಸುನಿಲ್ದಾಳ ಬಾಯಿಂದ ಅದನ್ನು ಒಮ್ಮೆ, ಒಂದೇ ಒಮ್ಮೆ ಕೇಳಬೇಕೆಂದು ಅವಳು ಎಷ್ಟೊಂದು ವರ್ಷ ಆಸೆಪಟ್ಟಿದ್ದಳು. ಈಗ ಕೇಳಿತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅಂಗಳದ ನಡುವೆ ನಿಂತಳು.

ಜರಿಗಿಡ ಮತ್ತೆ ಅಲ್ಲಾಡಿತು. ಎಡೆಲ್ಮಿರಾ ಬಗ್ಗಿ ಇನ್ನೊಂದು ಕಲ್ಲು ತೆಗೆದುಕೊಂಡಳು.